ವಿಕಿರಣ ಚಿಕಿತ್ಸೆ: 4,500 ಕಿಲೋಮೀಟರ್ ಮತ್ತು ಶೇ 5ರ ಮಿತಿ

ಭಟ್ಕಳ ತಾಲ್ಲೂಕಿನ ಜಾಲಿಯಿಂದ ಮಣಿಪಾಲಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 90 ಕಿ.ಮೀ. ಮಂಗಳೂರಿಗೆ ಸುಮಾರು 145 ಕಿ.ಮೀ.; ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗುವುದಾದರೆ ಅದಕ್ಕಿಂತಲೂ ದೂರ. ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ, ಊರಿನವರ ಮಾತಿನಲ್ಲಿ ‘ಕರೆಂಟ್ ಕೊಡಿಸುವುದು’, ಬೇಕಾದಾಗ ಜಾಲಿಯವರು ಹಿಡಿಯುವುದು ಈ ಮೂರರಲ್ಲಿ ಒಂದು ದಾರಿ. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾದ ಮೇಲೆ ವಿಕಿರಣ ಕೊಡುವ ಹಳೆಯ ಕ್ರಮ 25 ಕಂತುಗಳದ್ದು. ಕಂತು ಎಂದರೆ ರೋಗಿ ಒಂದು ದಿನ ಯಂತ್ರದ ಕೆಳಗೆ ಮಲಗಿ ಪಡೆಯುವ ಪ್ರಮಾಣ. ವಾರಕ್ಕೆ 5 ದಿನದಂತೆ 5 ವಾರ. ಮಣಿಪಾಲಕ್ಕೆ ದಿನವೂ ಹೋಗಿಬಂದರೆ ದಿನಕ್ಕೆ 180 ಕಿ.ಮೀ., ಒಟ್ಟು 4,500 ಕಿ.ಮೀ.

ಇದನ್ನು ರೂಪಾಯಿಗೆ ಇಳಿಸೋಣ. ಬಾಡಿಗೆ ಕಾರಿಗೆ ಕಿ.ಮೀ.ಗೆ 14 ರೂಪಾಯಿ ಎಂದು ಹಿಡಿದರೆ ದಿನಕ್ಕೆ 2,520 ರೂಪಾಯಿ. ಜೊತೆಗೆ ಹೋಗುವವರ ಕೂಲಿ ತಪ್ಪುತ್ತದೆ. ಕರ್ನಾಟಕದಲ್ಲಿ ಉದ್ಯೋಗ ಖಾತರಿಯ 2025–26ರ ದಿನಗೂಲಿ 370 ರೂಪಾಯಿಯನ್ನೇ ಅದಕ್ಕೆ ಅಳತೆಯಾಗಿ ಇಟ್ಟುಕೊಂಡರೆ ದಿನದ ವೆಚ್ಚ 2,890 ರೂಪಾಯಿ. 25 ಕಂತಿಗೆ 72,250 ರೂಪಾಯಿ. ಇದು ಲೆಕ್ಕದ ಮೇಲಂಚು. ಕರ್ನಾಟಕದ ಮಹಿಳೆಗೆ 2023ರ ಜೂನ್ 11ರಿಂದ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ಎ.ಸಿ. ಮೂರನೇ ದರ್ಜೆಯಲ್ಲಿ ಶೇ 100, ಜೊತೆಗಾರರಿಗೆ ಶೇ 75 ರಿಯಾಯಿತಿ ಇದೆ. ಆದರೆ ಚಿಕಿತ್ಸೆಗೆ ಕೊಟ್ಟ ಸಮಯಕ್ಕೆ ಬಸ್ಸೋ ರೈಲೋ ಹೊಂದಬೇಕು. ಮೂರನೆಯ ವಾರ ಚರ್ಮ ಸುಡಲು ತೊಡಗಿದ ಮೇಲೆ ಸೀಟಿಗೆ ಒರಗಿ ಕೂರಲು ಆಗಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷ ರೂಪಾಯಿ ಮೀರದಂತೆ. ದಿನನಿತ್ಯದ ಓಡಾಟದ ಖರ್ಚು ಮನೆಯದೇ.

ಈ 25 ಈಗ ಕರಗುತ್ತಿದೆ. ಬ್ರಿಟನ್ನಿನ ಸ್ಟಾರ್ಟ್–ಬಿ ಅಧ್ಯಯನ 2,215 ಮಹಿಳೆಯರಲ್ಲಿ 25 ಕಂತಿನ 50 ಗ್ರೇಯನ್ನು 15 ಕಂತಿನ 40 ಗ್ರೇ ಜೊತೆ ಹೋಲಿಸಿತು. ಗ್ರೇ ಎಂದರೆ ದೇಹದ ಒಂದು ಕಿಲೋಗ್ರಾಂ ಅಂಗಾಂಶ ಹೀರುವ ವಿಕಿರಣ ಶಕ್ತಿಯ ಅಳತೆ. ಹತ್ತು ವರ್ಷದಲ್ಲಿ ರೋಗ ಅದೇ ಜಾಗದಲ್ಲಿ ಅಥವಾ ಪಕ್ಕದ ಗ್ರಂಥಿಗಳಲ್ಲಿ ಮರುಕಳಿಸಿದ್ದು 25 ಕಂತಿನವರಲ್ಲಿ ಶೇ 5.5, 15 ಕಂತಿನವರಲ್ಲಿ ಶೇ 4.3. ಮುಂದಿನ ಹೆಜ್ಜೆ ಫಾಸ್ಟ್–ಫಾರ್ವರ್ಡ್: 97 ಆಸ್ಪತ್ರೆ, 4,096 ರೋಗಿಗಳು, 2020ರಲ್ಲಿ ಫಲಿತಾಂಶ. ಒಂದೇ ವಾರದಲ್ಲಿ 5 ಕಂತು, ಒಟ್ಟು 26 ಗ್ರೇ. ಐದು ವರ್ಷದಲ್ಲಿ ಮರುಕಳಿಕೆ ಶೇ 1.4, ಹೋಲಿಕೆಗಿಟ್ಟ 15 ಕಂತಿನ ಗುಂಪಿನಲ್ಲಿ ಶೇ 2.1. ಜಾಲಿಯ ಲೆಕ್ಕದಲ್ಲಿ 15 ಕಂತೆಂದರೆ 2,700 ಕಿ.ಮೀ., 43,350 ರೂಪಾಯಿ. 5 ಕಂತೆಂದರೆ 900 ಕಿ.ಮೀ., 14,450 ರೂಪಾಯಿ. 25ರಿಂದ 5ಕ್ಕೆ ಇಳಿದರೆ ಒಂದು ಮನೆಗೆ ಉಳಿಯುವುದು 57,800 ರೂಪಾಯಿ.

ಎಲ್ಲ ಕ್ಯಾನ್ಸರ್‌ಗೂ ಈ ಉಳಿತಾಯ ಇಲ್ಲ. ಬಾಯಿ–ಗಂಟಲಿನ ಕ್ಯಾನ್ಸರಿನ ರೂಢಿಯ ಕ್ರಮ ಇಂದಿಗೂ 33ರಿಂದ 35 ಕಂತು. ಅಂದರೆ 6,300 ಕಿ.ಮೀ.ವರೆಗೆ.

ಕಂತು ಕಡಿಮೆಯಾದಂತೆ ಪ್ರತಿ ಕಂತಿನ ತೂಕ ಏರುತ್ತದೆ. 25ರಲ್ಲಿ ಒಂದು ಕಂತು ಒಟ್ಟು ಪ್ರಮಾಣದ ಶೇ 4. 15ರಲ್ಲಿ ಒಂದು ಶೇ 6.7. 5ರಲ್ಲಿ ಒಂದು ಶೇ 20. ಒಂದು ದಿನ ರೋಗಿಯನ್ನು ತಪ್ಪು ಜಾಗಕ್ಕೆ ಹೊಂದಿಸಿ ಮಲಗಿಸಿದರೆ ಹಳೆಯ ಕ್ರಮದಲ್ಲಿ ಹಾಳಾಗುವುದು ಇಪ್ಪತ್ತೈದರಲ್ಲಿ ಒಂದು ಪಾಲು; ಹೊಸ ಕ್ರಮದಲ್ಲಿ ಐದರಲ್ಲಿ ಒಂದು. ತಪಾಸಣೆಯ ವೇಳಾಪಟ್ಟಿಗೂ ಇದರಿಂದ ಪೆಟ್ಟು. ಚಿಕಿತ್ಸೆಯ ದಾಖಲೆಯನ್ನು ವಾರಕ್ಕೊಮ್ಮೆ ಇನ್ನೊಬ್ಬರು ತಿದ್ದಿ ನೋಡುವುದು ವಿಕಿರಣ ವಿಭಾಗಗಳ ಹಳೆಯ ಪದ್ಧತಿ. 25 ಕಂತಿನ ರೋಗಿಗೆ ಅಂಥ 5 ಅವಕಾಶ ಇರುತ್ತಿದ್ದವು. 5 ಕಂತಿನ ರೋಗಿಯ ದಾಖಲೆ ವಾರದ ಪರಿಶೀಲನೆಗೆ ಬರುವ ಹೊತ್ತಿಗೆ ಆಕೆ ಭಟ್ಕಳ ತಲುಪಿರುತ್ತಾಳೆ. ತಪ್ಪು ಸಿಕ್ಕಿದರೂ ತಿದ್ದಲು ಕಂತು ಉಳಿದಿರುವುದಿಲ್ಲ.

ಎಷ್ಟು ತಪ್ಪಾದರೆ ತಪ್ಪು? ವಿಕಿರಣದ ಅಳತೆ–ಮಾನಗಳನ್ನು ನಿಗದಿ ಮಾಡುವ ಅಂತರರಾಷ್ಟ್ರೀಯ ಆಯೋಗ 1976ರಲ್ಲಿ ಕೊಟ್ಟ ಸಂಖ್ಯೆ ಶೇ 5. ಗಡ್ಡೆಗೆ ತಲುಪುವ ಪ್ರಮಾಣ ವೈದ್ಯರು ಬರೆದುಕೊಟ್ಟದ್ದಕ್ಕಿಂತ ಶೇ 5ಕ್ಕಿಂತ ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಫಾಸ್ಟ್–ಫಾರ್ವರ್ಡ್ ಅಧ್ಯಯನದಲ್ಲಿ 26 ಗ್ರೇ ಗುಂಪಿನ ಪಕ್ಕದಲ್ಲೇ 27 ಗ್ರೇ ಗುಂಪೂ ಇತ್ತು. ವ್ಯತ್ಯಾಸ 1 ಗ್ರೇ, ಅಂದರೆ ಶೇ 3.8. ಐದನೆಯ ವರ್ಷದಲ್ಲಿ ಸ್ತನ ಅಥವಾ ಎದೆಗೋಡೆಯ ಅಂಗಾಂಶದಲ್ಲಿ ಮಧ್ಯಮ ಅಥವಾ ಅದಕ್ಕಿಂತ ಹೆಚ್ಚಿನ ಅಡ್ಡಪರಿಣಾಮವನ್ನು ವೈದ್ಯರು ಕಂಡದ್ದು 26 ಗ್ರೇ ಗುಂಪಿನಲ್ಲಿ ಶೇ 11.9, 27 ಗ್ರೇ ಗುಂಪಿನಲ್ಲಿ ಶೇ 15.4. ಶೇ 5ರ ಮಿತಿಯ ಒಳಗೇ ಇರುವ ವ್ಯತ್ಯಾಸ ನೂರು ರೋಗಿಗಳಲ್ಲಿ ಹೆಚ್ಚುಕಡಿಮೆ ಮೂರೂವರೆ ಜನರನ್ನು ಹೆಚ್ಚುವರಿಯಾಗಿ ತೊಂದರೆಗೆ ಹಾಕಿತು. ಮಿತಿಯೊಳಗೆ ಇದ್ದೇವೆ ಎಂಬ ಸಮಾಧಾನ ಈ ಕ್ರಮದಲ್ಲಿ ಸಾಲದು.

ವರ್ಷಕ್ಕೊಬ್ಬರು

2011ರ ಜನಗಣತಿಯಲ್ಲಿ ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆ 14,37,169. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2022ಕ್ಕೆ ದೇಶದಲ್ಲಿ ಅಂದಾಜಿಸಿದ ಹೊಸ ಕ್ಯಾನ್ಸರ್ ರೋಗಿಗಳು 14.61 ಲಕ್ಷ, ಒಂದು ಲಕ್ಷಕ್ಕೆ 100.4. ಇದೇ ದರವನ್ನು ಜಿಲ್ಲೆಗೆ ಹಚ್ಚಿದರೆ ವರ್ಷಕ್ಕೆ ಸುಮಾರು 1,440 ಹೊಸ ರೋಗಿಗಳು. ಕ್ಯಾನ್ಸರ್ ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಯಾವುದಾದರೂ ಹಂತದಲ್ಲಿ ವಿಕಿರಣ ಬೇಕಾಗುತ್ತದೆ ಎಂಬುದು ಜಗತ್ತಿನಾದ್ಯಂತ ಒಪ್ಪಿದ ಲೆಕ್ಕ. ಆ ಪ್ರಕಾರ 720. ಒಂದು ಲೀನಿಯರ್ ಆಕ್ಸಿಲರೇಟರ್, ಅಂದರೆ ಎಲೆಕ್ಟ್ರಾನುಗಳನ್ನು ವೇಗಕ್ಕೇರಿಸಿ ಎಕ್ಸ್–ಕಿರಣ ಹುಟ್ಟಿಸುವ ಯಂತ್ರ, ವರ್ಷಕ್ಕೆ 450 ರೋಗಿಗಳನ್ನು ನಿಭಾಯಿಸಬಲ್ಲದು ಎಂಬ ಯುರೋಪಿನ ಯೋಜನಾ ಅಳತೆಯಲ್ಲಿ ಇದು 1.6 ಯಂತ್ರದ ಕೆಲಸ. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಜನಸಂಖ್ಯೆ ಒಟ್ಟು ಸುಮಾರು 4.8 ಲಕ್ಷ, ಅವುಗಳ ಪಾಲಿಗೆ 240 ರೋಗಿಗಳು.

ವಿಶ್ವ ಆರೋಗ್ಯ ಸಂಸ್ಥೆಯ ವಿಕಿರಣ ಚಿಕಿತ್ಸೆಯ ಅಪಾಯ ಸಮೀಕ್ಷೆ 2008ರದು. ಅದರ ಹಿಂದಿನ ವಿಶ್ಲೇಷಣೆಯಲ್ಲಿ ತಪ್ಪಿನಿಂದ ರೋಗಿಗೆ ಅಲ್ಪ ಅಥವಾ ಮಧ್ಯಮ ಹಾನಿಯಾಗುವ ಸಂಭವ ಹತ್ತು ಲಕ್ಷ ಚಿಕಿತ್ಸೆಗೆ ಸುಮಾರು 1,500. ಶೇಕಡಾವಾರು ಹೇಳಿದರೆ 0.15. ವಿಮೆ ಮಾರುವವರ ಬಾಯಲ್ಲಿ ಇದು ಸಣ್ಣ ಸಂಖ್ಯೆ. ಜಿಲ್ಲೆಯ 720 ರೋಗಿಗಳಿಗೆ ಗುಣಿಸಿದರೆ ಸಿಗುವುದು 1.08: ವರ್ಷಕ್ಕೊಬ್ಬರು. ಮೂರು ಕರಾವಳಿ ತಾಲ್ಲೂಕುಗಳಲ್ಲಿ ಹೆಚ್ಚುಕಡಿಮೆ ಮೂರು ವರ್ಷಕ್ಕೊಬ್ಬರು.

ಕಾರ್ಖಾನೆಯವರು ಇಟ್ಟುಕೊಂಡ ಅಳತೆ ಬೇರೆ. ಮೊಟೊರೊಲಾ ಕಂಪನಿ 1986ರಲ್ಲಿ ಶುರುಮಾಡಿದ ಸಿಕ್ಸ್ ಸಿಗ್ಮಾ ಪದ್ಧತಿಯ ಗುರಿ ಹತ್ತು ಲಕ್ಷ ಅವಕಾಶಗಳಲ್ಲಿ 3.4 ದೋಷ. 1,500ಕ್ಕೂ 3.4ಕ್ಕೂ ನಡುವೆ 440 ಪಟ್ಟು ಅಂತರ. 3.4ರ ದರದಲ್ಲಿ ಉತ್ತರ ಕನ್ನಡದಲ್ಲಿ ಒಬ್ಬರಿಗೆ ಹಾನಿಯಾಗಲು 400 ವರ್ಷ ಹಿಡಿಯುತ್ತದೆ. ಪೇಜರ್ ತಯಾರಿಗೆ ಹೊಂದುವ ಗುರಿ ಮನುಷ್ಯನ ದೇಹಕ್ಕೆ ಹಾಗೇ ಹೊಂದುವುದಿಲ್ಲ ಎಂಬ ಆಕ್ಷೇಪಣೆಯಲ್ಲಿ ನಿಜವಿದೆ: ಬಿಡಿಭಾಗಗಳು ಒಂದೇ ಅಚ್ಚಿನವು, ರೋಗಿಗಳು ಹಾಗಲ್ಲ. ಆದರೆ ಕಾರ್ಖಾನೆಯಿಂದ ಎರವಲು ತರಬೇಕಾದದ್ದು ಗುರಿಯ ಸಂಖ್ಯೆಗಿಂತ ಹೆಚ್ಚಾಗಿ ತಪ್ಪನ್ನು ಹುಡುಕುವ ಕ್ರಮ.

ಆ ಕ್ರಮ ಏಕೆ ಬೇಕು ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಅದೇ ಸಮೀಕ್ಷೆಯಲ್ಲಿ ಎರಡು ಸಾಲು ಅಂಕಿಗಳಿವೆ. 1976ರಿಂದ 2007ರವರೆಗೆ ಲೆಕ್ಕಕ್ಕೆ ಸಿಕ್ಕ ಅವಘಡಗಳಲ್ಲಿ ಹಾನಿಗೊಳಗಾದವರು 3,125. ಅವರಲ್ಲಿ 38 ಸಾವು. ಈ ಹಾನಿಯಲ್ಲಿ ಶೇ 55 ಹುಟ್ಟಿದ್ದು ಯೋಜನೆಯ ಹಂತದಲ್ಲಿ, ಅಂದರೆ ಯಾವ ಕೋನದಿಂದ ಎಷ್ಟು ವಿಕಿರಣ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವಾಗ. ಶೇ 25 ಹೊಸ ಯಂತ್ರ–ವ್ಯವಸ್ಥೆ ಅಳವಡಿಸುವಾಗ. ಶೇ 4 ಮಾಹಿತಿ ಒಬ್ಬರಿಂದ ಒಬ್ಬರಿಗೆ ದಾಟುವಾಗ. ಇನ್ನೊಂದು ಸಾಲು ರೋಗಿಯನ್ನು ಮುಟ್ಟುವ ಮೊದಲೇ ಸಿಕ್ಕಿಬಿದ್ದ 4,616 ತಪ್ಪುಗಳದ್ದು. ಅದರಲ್ಲಿ ಮಾಹಿತಿ ದಾಟುವ ಹಂತದ ಪಾಲು ಶೇ 38, ಯೋಜನೆಯ ಹಂತದ್ದು ಕೇವಲ ಶೇ 9. ಎರಡನ್ನೂ ಅಕ್ಕಪಕ್ಕ ಇಟ್ಟು ಓದಬೇಕು. ಮಾಹಿತಿ ದಾಟುವಾಗ ಆದ ತಪ್ಪು ಯಾರಾದರೊಬ್ಬರ ಕಣ್ಣಿಗೆ ಬೀಳುತ್ತದೆ. ಯೋಜನೆಯಲ್ಲಿ ಆದದ್ದು ಬೀಳುವುದಿಲ್ಲ. ನೇರ ರೋಗಿಗೆ ಹೋಗುತ್ತದೆ.

ಮೂರು ಅಂಕಿಗಳ ಗುಣಾಕಾರ

ಸಿಕ್ಕಿಬೀಳದ ತಪ್ಪಿಗೆ ಹೆಚ್ಚು ಅಂಕ ಕೊಡುವ ಪದ್ಧತಿಯೊಂದು ಕೈಗಾರಿಕೆಯಲ್ಲಿ ಬಹಳ ಹಿಂದೆಯೇ ಇತ್ತು. ಅಮೆರಿಕದ ಸೇನೆ 1949ರಲ್ಲಿ ಬರೆದಿಟ್ಟ ‘ವೈಫಲ್ಯದ ಬಗೆ ಮತ್ತು ಪರಿಣಾಮಗಳ ವಿಶ್ಲೇಷಣೆ’ ಅದು. ಚಂದ್ರಯಾನದ ಅಪೊಲೊ ಯೋಜನೆಗೆ ಹೋಯಿತು, ಕಾರು ಕಾರ್ಖಾನೆಗೆ ಹೋಯಿತು. ವಿಕಿರಣ ಚಿಕಿತ್ಸೆಗೆ ಅದನ್ನು ಪೂರ್ಣವಾಗಿ ಹೊಂದಿಸಿ ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘದ ನೂರನೇ ಕಾರ್ಯತಂಡ ವರದಿ ಕೊಟ್ಟದ್ದು 2016ರಲ್ಲಿ. ನಡುವೆ 67 ವರ್ಷ.

ಲೆಕ್ಕ ಹೀಗೆ. ಒಂದು ಕೆಲಸ ಎಲ್ಲೆಲ್ಲಿ ಕೆಡಬಹುದು ಎಂದು ಪಟ್ಟಿ ಮಾಡಬೇಕು. ಪ್ರತಿಯೊಂದಕ್ಕೂ 1ರಿಂದ 10ರವರೆಗೆ ಮೂರು ಅಂಕ: ಎಷ್ಟು ಸಲ ಆಗಬಹುದು, ಆದರೆ ಎಷ್ಟು ಗಂಭೀರ, ಪತ್ತೆಯಾಗದೆ ದಾಟುವ ಸಂಭವ ಎಷ್ಟು. ಮೂರನ್ನೂ ಗುಣಿಸಿದರೆ 1ರಿಂದ 1,000ದ ನಡುವೆ ಒಂದು ಸಂಖ್ಯೆ. ದೊಡ್ಡ ಸಂಖ್ಯೆಗೆ ಮೊದಲ ಗಮನ. ಕಾರ್ಯತಂಡ ಒಂದೇ ಒಂದು ಬಗೆಯ ಚಿಕಿತ್ಸೆಯನ್ನು ಬಿಡಿಸಿ ನೋಡಿದಾಗ ಕೆಡಬಹುದಾದ 216 ಬಗೆಗಳು ಸಿಕ್ಕವು. ಪಟ್ಟಿಯ ತುದಿಯಲ್ಲಿದ್ದದ್ದು ಯಂತ್ರದ ದೋಷಗಳಲ್ಲ. ಸ್ಕ್ಯಾನ್ ಓದುವಾಗ, ಗಡ್ಡೆಯ ಗಡಿ ಎಳೆಯುವಾಗ ಮನುಷ್ಯ ಮಾಡುವ ತಪ್ಪುಗಳು.

ಕರಾವಳಿಗೆ ಹೊಂದುವ ಒಂದು ಉದಾಹರಣೆ ಹಾಕಿ ನೋಡಬಹುದು; ಅಂಕಗಳು ವಿವರಣೆಗೆ ಮಾತ್ರ. ಹೊರಗೆ ಕಾದು ಕೂತವರಲ್ಲಿ ಒಂದೇ ಹೆಸರಿನ ಇಬ್ಬರಿದ್ದಾರೆ. ಭಟ್ಕಳ–ಹೊನ್ನಾವರದ ಕಡೆ ಒಂದೇ ಹೆಸರಿನ ಇಬ್ಬರು ನಾಯ್ಕರು, ಒಂದೇ ಹೆಸರಿನ ಇಬ್ಬರು ಮೊಹಮ್ಮದರು ಒಂದೇ ಬೆಂಚಿನಲ್ಲಿ ಇರುವುದು ವಿಶೇಷವೇನಲ್ಲ. ಹೆಸರು ಕೂಗಿದಾಗ ತಪ್ಪಾಗಿ ಇನ್ನೊಬ್ಬರು ಎದ್ದುಹೋಗುವ ಸಂಭವ 4, ಗಂಭೀರತೆ 9, ಪತ್ತೆಯಾಗದೆ ಹೋಗುವುದು 5. ಗುಣಲಬ್ಧ 180. ಪರದೆಯ ಮೇಲೆ ರೋಗಿಯ ಫೋಟೊ, ಕೈಪಟ್ಟಿಯ ಬಾರ್‌ಕೋಡ್, ತಂದೆಯ ಅಥವಾ ಗಂಡನ ಹೆಸರನ್ನು ರೋಗಿಯ ಬಾಯಿಂದಲೇ ಹೇಳಿಸುವುದು, ಈ ಮೂರನ್ನು ಸೇರಿಸಿದರೆ ಸಂಭವ 2ಕ್ಕೆ, ಪತ್ತೆಯಾಗದಿರುವುದು 2ಕ್ಕೆ ಇಳಿಯುತ್ತದೆ. ಗಂಭೀರತೆ 9ರಲ್ಲೇ ನಿಲ್ಲುತ್ತದೆ. ಹೊಸ ಗುಣಲಬ್ಧ 36. ಇಳಿಕೆ ಶೇ 80. ಖರ್ಚು ಒಂದು ಕ್ಯಾಮೆರಾ, ಒಂದು ಪ್ರಿಂಟರ್, ಪ್ರತಿ ರೋಗಿಗೆ ಅರ್ಧ ನಿಮಿಷ.

ಇದೇ ಗುಣಾಕಾರ ಒಂದೇ ತಪ್ಪಿಗೆ ಕರಾವಳಿಯಲ್ಲಿ ಒಂದು, ಹುಬ್ಬಳ್ಳಿಯಲ್ಲಿ ಬೇರೆ ಉತ್ತರ ಕೊಡಬಹುದು. ಯಂತ್ರದಿಂದ ಎಷ್ಟು ವಿಕಿರಣ ಬರುತ್ತಿದೆ ಎಂದು ಅಳೆಯುವ ಸಾಧನ ಅಯಾನೀಕರಣ ಕೋಶ: ಪೆನ್ಸಿಲ್ ದಪ್ಪದ ಕಡ್ಡಿಯ ತುದಿಯಲ್ಲಿ 0.6 ಘನ ಸೆಂಟಿಮೀಟರ್ ಗಾಳಿ. ಅದನ್ನು ನೀರಿನ ತೊಟ್ಟಿಯಲ್ಲಿ 10 ಸೆಂ.ಮೀ. ಆಳಕ್ಕೆ ಇಳಿಸಿ, ಕಿರಣ ಹಾಯಿಸಿ, ಹುಟ್ಟುವ ವಿದ್ಯುದಾವೇಶವನ್ನು ಎಣಿಸುತ್ತಾರೆ. ಕೋಶ ಗಾಳಿಗೆ ತೆರೆದಿರುವುದರಿಂದ ಆ ದಿನದ ಉಷ್ಣತೆ, ಒತ್ತಡ ನೋಡಿ ಅಂಕಿಯನ್ನು ತಿದ್ದಬೇಕು. ಭೌತವಿಜ್ಞಾನಿ ಪುಸ್ತಕದಲ್ಲಿ ಮೊದಲು ಬರೆಯುವುದೇ ಥರ್ಮಾಮೀಟರ್ ಮತ್ತು ಬ್ಯಾರೋಮೀಟರಿನ ಓದು. ಪ್ರಮಾಣಿತ ಸ್ಥಿತಿ 20 ಡಿಗ್ರಿ, 1,013 ಹೆಕ್ಟೊಪ್ಯಾಸ್ಕಲ್. ಕರಾವಳಿಯಲ್ಲಿ 30 ಡಿಗ್ರಿ, 1,010 ಇದ್ದ ದಿನ ತಿದ್ದುವ ಗುಣಕ 1.04. ಸಮುದ್ರಮಟ್ಟದಿಂದ ಸುಮಾರು 670 ಮೀಟರ್ ಎತ್ತರದ ಹುಬ್ಬಳ್ಳಿಯಲ್ಲಿ ಒತ್ತಡ 935ರ ಆಸುಪಾಸು. 25 ಡಿಗ್ರಿಯ ದಿನ ಗುಣಕ 1.10.

ಈಗ ಬ್ಯಾರೋಮೀಟರ್ ಕೆಟ್ಟಿದೆ, ಹವಾಮಾನ ವರದಿಯ ಒತ್ತಡವನ್ನೇ ಹಾಕಿಕೊಂಡರು ಎಂದುಕೊಳ್ಳಿ. ವರದಿಗಳು ಕೊಡುವುದು ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ ಒತ್ತಡ. ಕರಾವಳಿಯಲ್ಲಿ ಈ ತಪ್ಪಿನ ಬೆಲೆ ಶೇ 1ರ ಆಸುಪಾಸು, ಯಾರಿಗೂ ಗೊತ್ತಾಗದು. ಹುಬ್ಬಳ್ಳಿಯಲ್ಲಿ ಅದೇ ತಪ್ಪಿಗೆ ಅಳತೆ ಕಡಿಮೆ ಕಂಡು, ಯಂತ್ರವನ್ನು ಏರಿಸಿ, ರೋಗಿಗೆ ಶೇ 8 ಹೆಚ್ಚು ಹೋಗುತ್ತದೆ. ಅದು ಒಬ್ಬರಿಗಲ್ಲ, ಮುಂದಿನ ಅಳತೆಯವರೆಗೆ ಆ ಯಂತ್ರದ ಕೆಳಗೆ ಮಲಗುವ ಪ್ರತಿಯೊಬ್ಬರಿಗೂ. ಗಂಭೀರತೆಯ ಅಂಕ ಕರಾವಳಿಯಲ್ಲಿ 1 ಅಥವಾ 2, ಘಟ್ಟದ ಮೇಲೆ 8. ಒಂದು ಆಸ್ಪತ್ರೆಯ ತಪಾಸಣಾ ಪಟ್ಟಿಯನ್ನು ಇನ್ನೊಂದು ಆಸ್ಪತ್ರೆ ಜೆರಾಕ್ಸ್ ಮಾಡಿ ಗೋಡೆಗೆ ಅಂಟಿಸಿದರೆ ಸಾಲದು ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಒಂದು ಸಂಖ್ಯೆಯನ್ನು ತಪ್ಪಾಗಿ ಓದಿದರೆ ಎಷ್ಟು ದೂರ ಹೋಗುತ್ತದೆ ಎಂಬುದನ್ನು ಕೋಸ್ಟರಿಕ 1996ರಲ್ಲಿ ತೋರಿಸಿತು. ರಾಜಧಾನಿ ಸ್ಯಾನ್ ಹೊಸೆಯ ಆಸ್ಪತ್ರೆಯೊಂದರಲ್ಲಿ ಕೋಬಾಲ್ಟ್ ಯಂತ್ರದ ವಿಕಿರಣ ಮೂಲವನ್ನು ಬದಲಿಸಿ ಅಳತೆ ಮಾಡುವಾಗ 0.3 ನಿಮಿಷವನ್ನು 30 ಸೆಕೆಂಡ್ ಎಂದು ಹಿಡಿಯಲಾಯಿತು. ಸರಿಯಾದದ್ದು 18 ಸೆಕೆಂಡ್. ಹೊಸ ಮೂಲದ ಬಲ ಇದ್ದದ್ದಕ್ಕಿಂತ ಕಡಿಮೆ ಎಂದು ಲೆಕ್ಕ ಬಂತು. ರೋಗಿಗಳನ್ನು ಹೆಚ್ಚು ಹೊತ್ತು ಕಿರಣದ ಕೆಳಗೆ ಇರಿಸಿದರು. ಹೆಚ್ಚುವರಿ ಪ್ರಮಾಣ ಶೇ 50ರಿಂದ 60. ತೊಂದರೆಗೊಳಗಾದವರು 115. ಎರಡನೆಯವರೊಬ್ಬರು ಬೇರೆ ಗಡಿಯಾರ, ಬೇರೆ ಕಾಗದ ಹಿಡಿದು ಅದೇ ಅಳತೆ ಮಾಡಿದ್ದರೆ ಅರ್ಧ ದಿನದ ಕೆಲಸ.

ಕಡಿಮೆ ಕೊಟ್ಟ ತಪ್ಪು ಇನ್ನೂ ಹೆಚ್ಚು ಕಾಲ ಅಡಗುತ್ತದೆ. ಬ್ರಿಟನ್ನಿನ ಸ್ಟೋಕ್–ಆನ್–ಟ್ರೆಂಟ್‌ನಲ್ಲಿ 1982ರಲ್ಲಿ ಹೊಸ ಯೋಜನಾ ಕಂಪ್ಯೂಟರ್ ಬಂತು. ದೂರಕ್ಕೆ ಸಂಬಂಧಿಸಿದ ತಿದ್ದುಪಡಿಯನ್ನು ಕಂಪ್ಯೂಟರೇ ಮಾಡುತ್ತಿತ್ತು. ಸಿಬ್ಬಂದಿ ಹಳೆಯ ರೂಢಿಯಂತೆ ಕೈಯಿಂದಲೂ ಮಾಡುತ್ತಾ ಹೋದರು. 1991ರವರೆಗೆ 1,045 ರೋಗಿಗಳಿಗೆ ಶೇ 5ರಿಂದ 35 ಕಡಿಮೆ ವಿಕಿರಣ ಹೋಯಿತು. ಚರ್ಮ ಸುಡಲಿಲ್ಲ, ಯಾರೂ ದೂರಲಿಲ್ಲ. ಗುಣವಾಗದೆ ಹೋದವರ ಪಾಲಿಗೆ ಅದು ರೋಗದ ತಪ್ಪಾಗಿ ಕಂಡಿತು. ಒಂಬತ್ತು ವರ್ಷ.

ನ್ಯೂಯಾರ್ಕಿನ 2005ರ ಪ್ರಕರಣ ಮೂರೇ ದಿನದ್ದು. ಕಿರಣವನ್ನು ಗಡ್ಡೆಯ ಆಕಾರಕ್ಕೆ ಕತ್ತರಿಸುವ ಲೋಹದ ಎಲೆಗಳ ಸಾಲಿಗೆ ಬಹು–ಎಲೆ ನಿಯಂತ್ರಕ ಎನ್ನುತ್ತಾರೆ. ಯೋಜನೆ ತಿದ್ದಿ ಉಳಿಸುವಾಗ ಕಂಪ್ಯೂಟರ್ ಕೈಕೊಟ್ಟಿತು. ಎಲೆಗಳ ಚಲನೆಯ ಕಡತ ಉಳಿಯಲಿಲ್ಲ. ಎಲೆಗಳು ಪೂರ್ತಿ ತೆರೆದಿದ್ದಾಗಲೇ 3 ಕಂತು ಹೋದವು. ರೋಗಿಗೆ ಸಂದದ್ದು 39 ಗ್ರೇ. ಮಾಮೂಲು ಕಂತಿನಲ್ಲಿ 2 ಗ್ರೇ. ಯೋಜನೆಯನ್ನು ರೋಗಿಯ ಬದಲು ಮಾದರಿಯ ಮೇಲೆ ಪರೀಕ್ಷಿಸುವ ಕೆಲಸ ನಡೆದದ್ದು ಮೂರನೆಯ ಕಂತಿನ ನಂತರ. ಇಂದಿನ ಒಂದು ನಿಯಂತ್ರಕದಲ್ಲಿ 120 ಎಲೆಗಳಿರಬಹುದು. ಯಂತ್ರ ರೋಗಿಯ ಸುತ್ತ ಒಂದು ಸುತ್ತು ಬರುವಾಗ 178 ಬಿಂದುಗಳಲ್ಲಿ ಅವುಗಳ ಸ್ಥಾನ ನಮೂದಾಗಿರಬಹುದು. ಒಂದು ಸುತ್ತಿಗೆ 21,360 ಸಂಖ್ಯೆಗಳು. ಕಣ್ಣಲ್ಲಿ ನೋಡಿ ಸರಿ ಹೇಳುವ ಕಾಲ ಮುಗಿದಿದೆ. ಮೊದಲ ಕಂತಿಗೆ ಮುನ್ನ ಮಾದರಿಯ ಮೇಲೆ ಓಡಿಸಿ, ಅಳೆದ ಬಿಂದುಗಳಲ್ಲಿ ಕನಿಷ್ಠ ಶೇ 95 ಲೆಕ್ಕಕ್ಕೆ ಹೊಂದಬೇಕು, ಶೇ 90ಕ್ಕಿಂತ ಕೆಳಗಿದ್ದರೆ ತಡೆಹಿಡಿದು ಕಾರಣ ಹುಡುಕಬೇಕು ಎಂದು ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘದ 2018ರ ಮಾರ್ಗಸೂಚಿ ಹೇಳುತ್ತದೆ.

ದಿನದ ತಪಾಸಣೆಗೂ ಸಂಖ್ಯೆಗಳಿವೆ: ಯಂತ್ರದ ಹೊರಸೂಸುವಿಕೆಯ ವ್ಯತ್ಯಾಸ ದಿನದ ಅಳತೆಯಲ್ಲಿ ಶೇ 3, ತಿಂಗಳ ಅಳತೆಯಲ್ಲಿ ಶೇ 2, ವರ್ಷದ ಅಳತೆಯಲ್ಲಿ ಶೇ 1 ದಾಟಬಾರದು. ಮಿತಿ ನೋಡುವುದಕ್ಕೂ ನಡೆ ನೋಡುವುದಕ್ಕೂ ವ್ಯತ್ಯಾಸ ಇದೆ. ಏಳು ಬೆಳಗಿನ ಓದು ಹೀಗಿದೆ ಎಂದು ಇಟ್ಟುಕೊಳ್ಳೋಣ: ಶೇ 0.4, 0.7, 1.0, 1.3, 1.6, 1.9, 2.2. ಮಿತಿ ಮಾತ್ರ ನೋಡುವವರು ಏಳು ದಿನವೂ ಟಿಕ್ ಹಾಕುತ್ತಾರೆ. ವಾಲ್ಟರ್ ಶೂಹಾರ್ಟ್ 1924ರಲ್ಲಿ ಟೆಲಿಫೋನ್ ಕಾರ್ಖಾನೆಗೆಂದು ರಚಿಸಿದ ನಿಯಂತ್ರಣ ನಕ್ಷೆಯಲ್ಲಿ ಇದೇ ಅಂಕಿಗಳನ್ನು ಗುರುತಿಸಿದರೆ, ಸತತ ಏಳು ಒಂದೇ ದಿಕ್ಕಿಗೆ ಸಾಗಿವೆ ಎಂಬುದು ಗೆರೆಯಲ್ಲೇ ಕಾಣುತ್ತದೆ. ಎಂಜಿನಿಯರನ್ನು ಕರೆಸುವುದು ಏಳನೆಯ ದಿನ, ಮಿತಿ ದಾಟುವ ಹತ್ತನೆಯ ದಿನವಲ್ಲ. 25 ಕಂತಿನ ರೋಗಿಗೆ ಮೂರು ದಿನ ಸಣ್ಣದು. 5 ಕಂತಿನ ರೋಗಿಗೆ ಅರ್ಧಕ್ಕಿಂತ ಹೆಚ್ಚು ಚಿಕಿತ್ಸೆ.

ಈ ಬಗೆಯ ಕಟ್ಟುನಿಟ್ಟು ಉತ್ತರ ಕನ್ನಡಕ್ಕೆ ಹೊಸತಲ್ಲ. ಕಾರವಾರ ತಾಲ್ಲೂಕಿನ ಕೈಗಾದಲ್ಲಿ 220 ಮೆಗಾವಾಟಿನ 4 ಪರಮಾಣು ವಿದ್ಯುತ್ ಘಟಕಗಳಿವೆ; ಒಟ್ಟು 880 ಮೆಗಾವಾಟ್. ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ನಡೆದು ಆಗಿನ ವಿಶ್ವದಾಖಲೆ ಬರೆಯಿತು. ಅದೇ ಕೈಗಾದಲ್ಲಿ 2009ರ ನವೆಂಬರ್‌ನಲ್ಲಿ ಕುಡಿಯುವ ನೀರಿನ ಕೂಲರಿಗೆ ವಿಕಿರಣಶೀಲ ಟ್ರಿಷಿಯಂ ಸೇರಿ 50ಕ್ಕೂ ಹೆಚ್ಚು ನೌಕರರ ದೇಹಕ್ಕೆ ಹೋಗಿತ್ತು. ಅದು ಬೆಳಕಿಗೆ ಬಂದದ್ದು ನೌಕರರ ಮೂತ್ರದ ಮಾಮೂಲು ತಪಾಸಣೆಯಲ್ಲಿ. ಯಾರೋ ಕಾಯಿಲೆ ಬಿದ್ದು ಆಸ್ಪತ್ರೆಗೆ ಹೋದ ಮೇಲೆ ಅಲ್ಲ. ಕೈಗಾದ ಮೇಲೂ ಆಸ್ಪತ್ರೆಯ ವಿಕಿರಣ ಯಂತ್ರದ ಮೇಲೂ ಕಣ್ಣಿಡುವ ಸಂಸ್ಥೆ ಒಂದೇ: 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ.

ಖರ್ಚು ಯಾರ ಪುಸ್ತಕದಲ್ಲಿ

ಗುಣಮಟ್ಟಕ್ಕೆ ಸಮಯ ಬೇಕು, ಸಮಯಕ್ಕೆ ಬೆಲೆಯಿದೆ. ಬೆಳಗಿನ ತಪಾಸಣೆಗೆ ದಿನಕ್ಕೆ 30 ನಿಮಿಷ, ಒಂದು ಕಂತಿಗೆ 10 ನಿಮಿಷ, ವರ್ಷಕ್ಕೆ 250 ದಿನ ಎಂದು ಹಿಡಿದರೆ ಒಂದು ಯಂತ್ರ ವರ್ಷಕ್ಕೆ 750 ಕಂತುಗಳನ್ನು ಬಿಟ್ಟುಕೊಡುತ್ತದೆ. 25 ಕಂತಿನ ಲೆಕ್ಕದಲ್ಲಿ 30 ರೋಗಿಗಳ ಜಾಗ. ಸರತಿ ಉದ್ದ ಇರುವಲ್ಲಿ ಇದು ಹಗುರ ಸಂಖ್ಯೆಯಲ್ಲ. ಆದರೆ ಒಬ್ಬ ರೋಗಿ 25ರಿಂದ 5 ಕಂತಿಗೆ ಬದಲಾದರೆ ಬಿಡುವಾಗುವುದು 20 ಕಂತು. 38 ರೋಗಿಗಳು ಬದಲಾದರೆ 750 ಕಂತೂ ವಾಪಸ್. ವರ್ಷಕ್ಕೆ 450 ರೋಗಿಗಳಿರುವ ಯಂತ್ರದಲ್ಲಿ ಅದು ಶೇ 8.4.

ಇನ್ನು ಜನ. ಎರಡನೆಯ ಅಳತೆ, ಮೊದಲ ಕಂತಿಗೆ ಮುನ್ನದ ಪರೀಕ್ಷೆ, ಅಪಾಯದ ಪಟ್ಟಿ ಇವಕ್ಕೆಲ್ಲ ಒಬ್ಬ ಹೆಚ್ಚುವರಿ ವೈದ್ಯಕೀಯ ಭೌತವಿಜ್ಞಾನಿ ಬೇಕು ಎನ್ನೋಣ. ಆಸ್ಪತ್ರೆಗೆ ಅವರ ತಿಂಗಳ ಒಟ್ಟು ವೆಚ್ಚ 1 ಲಕ್ಷ ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 12 ಲಕ್ಷ. 450 ರೋಗಿಗಳಿಗೆ ಹಂಚಿದರೆ ತಲೆಗೆ 2,667 ರೂಪಾಯಿ. ಜಾಲಿಯಿಂದ ಮಣಿಪಾಲಕ್ಕೆ ಒಂದು ದಿನ ಕಾರಿನಲ್ಲಿ ಹೋಗಿಬರುವ 2,890 ರೂಪಾಯಿಗಿಂತ ಇದು 223 ರೂಪಾಯಿ ಕಡಿಮೆ.

ಕಂತು ಇಳಿದಾಗ ಮನೆಗೆ ಉಳಿಯುವ 57,800 ರೂಪಾಯಿ ಈ 2,667ರ 21 ಪಟ್ಟಿಗೂ ಹೆಚ್ಚು. ಎರಡೂ ಸಂಖ್ಯೆ ಒಂದೇ ಪುಸ್ತಕದಲ್ಲಿ ಬರುವುದಿಲ್ಲ. ಉಳಿತಾಯ ಜಾಲಿಯ ಮನೆಯದು. ಭೌತವಿಜ್ಞಾನಿಯ ಸಂಬಳ ಆಸ್ಪತ್ರೆಯದು. ಬಿಪಿಎಲ್ ಕುಟುಂಬದ ಬಿಲ್ಲು ಪಾವತಿಸುವ ಸರಕಾರಕ್ಕೆ ಮಾತ್ರ ಎರಡೂ ಕಡೆಯ ಲೆಕ್ಕವನ್ನು ಕೂಡಿಸಿ ನೋಡುವ ಸ್ಥಾನವಿದೆ. 5 ಕಂತಿನ ಚಿಕಿತ್ಸೆಗೆ ದರ ಕಟ್ಟುವಾಗ ಕಂತುಗಳನ್ನಷ್ಟೇ ಎಣಿಸಿ ಐದನೇ ಒಂದು ಪಾಲಿಗೆ ಇಳಿಸಿದರೆ, ಮೊದಲು ಕತ್ತರಿಸಲ್ಪಡುವುದು ಮೊದಲ ಕಂತಿಗೆ ಮುನ್ನದ ಪರೀಕ್ಷೆ. 25 ಕಂತಿರಲಿ, 5 ಇರಲಿ, ಆ ಪರೀಕ್ಷೆಗೆ ಹಿಡಿಯುವ ಹೊತ್ತು ಒಂದೇ.